ಸೀಮೆಕರಡಿಯ ಎರಡನೇ ಮರಿ

ನಮ್ಮ ಅಂಗನವಾಡಿಯ ಕಬ್ಬಿಣದ ಬೀರುವಿನಲ್ಲಿ ತೂಕದ ಯಂತ್ರ, ಹಾಲಿನ ಪುಡಿಯ ಪೊಟ್ಟಣ, ಹರಿದ ಹಾಜರಿ ಪುಸ್ತಕ, ಇವುಗಳ ನಡುವೆ ಒಂದು ಪಾಂಡಾ ಕೂತಿದೆ. ಬಟ್ಟೆಯದು. ಹೊಟ್ಟೆ ತುಂಬ ಹತ್ತಿ, ಮುಖದ ತುಂಬ ಮರುಕ. ಮಾಲೂರಿನ ಕಡೆಯ ಯಾವುದೋ ಕಾರ್ಖಾನೆಯವರಿಗೆ ಸುಗಟೂರಿನ ಮಕ್ಕಳ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ಒಂದು ಪೆಟ್ಟಿಗೆ ಆಟದ ಸಾಮಾನು ಕಳಿಸಿದರು. ನಾವು ಬರೆದುಕೊಟ್ಟಿದ್ದು ಕುಕ್ಕರು ಬೇಕು ಅಂತ. ಬಂದದ್ದು ಕರಡಿ. ಫೋಟೋ ತೆಗೆಸಿಕೊಳ್ಳುವಾಗ ಅವರೆಲ್ಲ ನಕ್ಕರು, ನಾನೂ ನಕ್ಕೆ. ಇಷ್ಟು ವರ್ಷದ ನೌಕರಿಯಲ್ಲಿ ಅದೊಂದನ್ನು ಚೆನ್ನಾಗಿ ಕಲಿತಿದ್ದೇನೆ.

ಪೆಟ್ಟಿಗೆ ಬಿಚ್ಚಿದ ದಿನ ಮಕ್ಕಳಲ್ಲಿ ಎರಡು ಪಕ್ಷವಾಯಿತು. ಕಪ್ಪು ಬಿಳಿ ಮಚ್ಚೆ ನೋಡಿ ಅರ್ಧ ಮಕ್ಕಳು ಹಸು ಅಂದವು. ಅವುಗಳ ತಪ್ಪೇನೂ ಇಲ್ಲ, ಊರಿನ ಕೊಟ್ಟಿಗೆಗಳಲ್ಲೆಲ್ಲ ಇರುವುದು ಅದೇ ಬಣ್ಣದ ಸೀಮೆಹಸು. ಇನ್ನರ್ಧ ಮಕ್ಕಳು ಕರಡಿ ಅಂದವು. “ಹಸು ಅಂದ್ರೆ ಕೊಂಬೆಲ್ಲೈತೆ ಹೇಳ್ಲಾ?” “ಕರಡಿ ಅಂದ್ರೆ ಕಪ್ಪಗಿರ್ಬೇಕು ಕಣೋ!” ಎಂದು ಕಿರುಚಾಡಿ, ಕೊನೆಗೆ ಒಬ್ಬನ ಅಂಗಿಯ ಗುಂಡಿ ಕಿತ್ತುಬಂತು. “ಸುಮ್ನಿರ್ರೋ! ಸೀಮೆಹಸು ಇದ್ದಂಗೆ ಇದು ಸೀಮೆಕರಡಿ” ಎಂದೆ. ಜಗಳ ನಿಂತಿತು. ಅಂದಿನಿಂದ ಅದರ ಹೆಸರು ಸೀಮೆಕರಡಿ.

ಕರಡಿಯ ಕುತ್ತಿಗೆಗೆ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಕನ್ನಡ. “ದೈತ್ಯ ಪಾಂಡಾ ಮತ್ತು ಅದರ ಮರಿಗಳು: ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು” ಎಂದು ತಲೆಬರಹ. ಒಟ್ಟು ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಜನ ಸಾಮಾನ್ಯವಾಗಿ ಕೇಳುತ್ತಾರಂತೆ! ಮೂವತ್ತು ವರ್ಷದಿಂದ ಅಂಗನವಾಡಿ ಟೀಚರಾಗಿದ್ದೇನೆ. ನನ್ನನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರೇ ಮೂರು. ಮೊಟ್ಟೆ ಬಂತಾ? ಹಾಲಿನ ಪುಡಿ ಬಂತಾ? ನಿಮ್ಮ ಹೆಸರು ಯಾಕೆ ಹಿಂಗೆ?

ನನ್ನ ಹೆಸರು ತೌಡಮ್ಮ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಅವಕಾಶ ಕಡಿಮೆ. ತೌಡು ಎಂದರೆ ಭತ್ತದ ಮಿಲ್ಲಿನಲ್ಲಿ ಅಕ್ಕಿ ಮಾಡಿದ ಮೇಲೆ ಉಳಿದು, ದನದ ಬಾನಿಗೆ ಹೋಗುವ ಪುಡಿ. ನಮ್ಮ ಕಡೆ ಹಿಂದಿನವರಲ್ಲಿ ಒಂದು ಪದ್ಧತಿಯಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಮಗುವಾದರೆ ಅದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಆಮೇಲೆ ಒಂದು ಹಿಡಿ ತೌಡಿಗೆ ಬೇರೆಯವರಿಗೆ ಮಾರಿಬಿಡುತ್ತಿದ್ದರು. ಇಷ್ಟು ಅಗ್ಗದ ಮಾಲನ್ನು ಯಮ ಯಾಕೆ ಮುಟ್ಟುತ್ತಾನೆ ಎಂಬ ಯೋಚನೆ. ಮೂರನೇ ವರ್ಷ ಮುಡಿ ತೆಗೆಸಿದ ದಿನ ಹೆತ್ತವಳು ಕೊಂಡವರ ಬಾಗಿಲಿಗೆ ಹೋಗಿ, ಹೆಸರು ಹಿಡಿದು ಕೂಗಿ, ಮಗುವನ್ನು ವಾಪಸು ಕರೆದುಕೊಂಡು ಬರಬೇಕು. ತಿಪ್ಪಮ್ಮ, ತೌಡಪ್ಪ ಎಂಬ ಹೆಸರಿನ ಹಳಬರು ನಿಮಗೂ ಗೊತ್ತಿರಬಹುದು. ಅವರೆಲ್ಲ ಹೀಗೆ ಹೋಗಿ ವಾಪಸು ಬಂದವರು. ನನ್ನನ್ನು ಕೂಗುವುದಕ್ಕೆ ಯಾರೂ ಬರಲಿಲ್ಲ.

ನಮ್ಮಮ್ಮನಿಗೆ ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ಮೂರನೇ ಬಸಿರಿನಲ್ಲಿ ನಾವಿಬ್ಬರು ಹುಟ್ಟಿದೆವು, ಅವಳಿ ಹೆಣ್ಣುಮಕ್ಕಳು. ಪಕ್ಕದ ಮನೆಯಲ್ಲೇ ಇದ್ದ ಅಮ್ಮನ ತಂಗಿ ನನ್ನನ್ನು ತೌಡಿಗೆ ಕೊಂಡಳು. ಚಿಕ್ಕಪ್ಪನಿಗೆ ಮಾಲೂರಿನ ಹತ್ತಿರ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನನ್ನನ್ನೂ ಕಟ್ಟಿಕೊಂಡು ಲಕ್ಕೂರಿಗೆ ಹೋದರು. ಅಮ್ಮನೂ ನನ್ನ ಜೊತೆ ಹುಟ್ಟಿದವಳೂ ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹಳ್ಳಿಯಲ್ಲೇ ಉಳಿದರು. ಅವಳ ಹೆಸರು ಲಕ್ಷ್ಮಿ. ಒಂದೇ ಹೊಟ್ಟೆ, ಒಂದೇ ದಿನ. ಒಬ್ಬಳಿಗೆ ದೇವರ ಹೆಸರು, ಇನ್ನೊಬ್ಬಳಿಗೆ ದನದ ಬಾನಿಯ ಹೆಸರು. ಮೀಟಿಂಗಿನಲ್ಲಿ ಹೊಸದಾಗಿ ಬಂದ ಮೇಲ್ವಿಚಾರಕಿಯರು ಹಾಜರಿ ಕೂಗುವಾಗ ನನ್ನ ಹತ್ತಿರ ಬಂದು ಒಂದು ಕ್ಷಣ ನಿಲ್ಲುತ್ತಾರೆ, ಓದಿದ್ದು ತಪ್ಪೇನೋ ಅಂತ. “ತಪ್ಪಿಲ್ಲ ಮೇಡಂ, ತೌಡೇ” ಎಂದು ನಾನೇ ಕೈ ಎತ್ತುತ್ತೇನೆ.

ಎಲ್ಲಿಂದ ಎಲ್ಲಿಗೋ ಹೋದೆ. ಪಾಂಡಾದ ಮಾತಲ್ಲವೇ ಆಡುತ್ತಿದ್ದದ್ದು.

ಚೀಟಿಯ ಮೊದಲ ಪ್ರಶ್ನೆ, ಪಾಂಡಾ ಏನು ತಿನ್ನುತ್ತದೆ? ಬಿದಿರು. ದಿನದಲ್ಲಿ ಹತ್ತು ಹನ್ನೆರಡು ಗಂಟೆ ಬಿದಿರು ತಿನ್ನುವುದೇ ಅದರ ಕೆಲಸ. ಇದನ್ನು ಓದಿ ಹೇಳಿದಾಗ ಮಕ್ಕಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ರೇಷ್ಮೆಹುಳ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುವುದನ್ನು ನೋಡಿದ ಮಕ್ಕಳು ಅವು. ಹುಳಕ್ಕೆ ಸೊಪ್ಪು ಹಾಕುವ ಭರದಲ್ಲಿ ಅಪ್ಪ ಅಮ್ಮ ತಮಗೆ ಊಟ ಹಾಕುವುದು ಮರೆತದ್ದನ್ನೂ ನೋಡಿವೆ. “ಬಿದ್ರು ತಿಂದು ರೇಷ್ಮೆ ಬಿಡುತ್ತಾ ಟೀಚರ್?” ಎಂದು ಒಂದು ಹುಡುಗಿ ಕೇಳಿದಳು. ಹನ್ನೆರಡು ಪ್ರಶ್ನೆಯಲ್ಲಿ ಅದು ಇರಲಿಲ್ಲ. “ಏನೂ ಬಿಡಲ್ಲ. ಬರೀ ತಿನ್ನುತ್ತೆ” ಎಂದೆ. “ಮತ್ತ್ಯಾಕ್ ಸಾಕ್ತಾರೆ?” ಎಂದಳು. ರೈತರ ಮನೆಯ ಹುಡುಗಿ, ಕೇಳುವುದು ನ್ಯಾಯ.

ನಾಲ್ಕನೇ ಪ್ರಶ್ನೆ, ಹುಟ್ಟಿದಾಗ ಮರಿಯ ತೂಕವೆಷ್ಟು? ಸುಮಾರು ನೂರು ಗ್ರಾಂ. ಮಕ್ಕಳಿಗೆ ತೋರಿಸೋಣವೆಂದು ಎರಡು ಕೋಳಿಮೊಟ್ಟೆಯನ್ನು ತೂಕದ ಯಂತ್ರದ ಜೋಲಿಗೆ ಹಾಕಿದೆ. ಮುಳ್ಳು ಅಲುಗಲೇ ಇಲ್ಲ. ಅಷ್ಟು ಸಣ್ಣ ಜೀವವನ್ನು ನಮ್ಮ ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಕಪ್ಪೂ ಇಲ್ಲ ಬಿಳಿಯೂ ಇಲ್ಲ, ಚಿಗುರುಗೆಂಪು. ಬಣ್ಣವೆಲ್ಲ ಆಮೇಲೆ ಬರುತ್ತದಂತೆ. ಏಳನೇ ಪ್ರಶ್ನೆ, ಮರಿಗೆ ಹೆಸರಿಡುವುದು ಯಾವಾಗ? ನೂರು ದಿನ ತುಂಬಿದ ಮೇಲೆ ಇಡುವ ರೂಢಿ. ಅಲ್ಲಿಯವರೆಗೆ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ. ಚೀನಾ ದೇಶದವರಿಗೂ ನಮ್ಮ ಮುಳಬಾಗಿಲಿನ ಮುದುಕಿಯರಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕರಡಿ ಬಂದ ವಾರದಲ್ಲೇ ನನ್ನ ಅಂಗನವಾಡಿಯಲ್ಲಿ ಒಂದು ಕಾನೂನು ಜಾರಿಯಾಯಿತು. ಮಧ್ಯಾಹ್ನ ಮಲಗುವಾಗ ಸೀಮೆಕರಡಿಯನ್ನು ತಬ್ಬಿಕೊಳ್ಳುವ ಹಕ್ಕು ದಿನಕ್ಕೊಬ್ಬರಿಗೆ. ಹದಿನೆಂಟು ಮಕ್ಕಳ ಹೆಸರನ್ನೂ ಬರೆದು ಗೋಡೆಗೆ ಅಂಟಿಸಿದೆ. ನಮ್ಮ ಕಡೆ ಸರದಿಗೆ ವಂತು ಅನ್ನುತ್ತೇವೆ. ತೆಲುಗಿನವರೂ ಅದನ್ನೇ ಅನ್ನುತ್ತಾರೆ. ಕೊಳವೆಬಾವಿ ನೀರಿಗೆ ವಂತು, ದೇವಸ್ಥಾನದ ದೀಪಕ್ಕೆ ವಂತು. ಈಗ ಕರಡಿಗೂ ವಂತು. “ಇವತ್ತು ನನ್ ವಂತು ಟೀಚರ್” ಎಂದು ಬೆಳಿಗ್ಗೆ ಬಾಗಿಲಿಗೆ ಬರುವ ಮೊದಲೇ ಕೂಗಿಕೊಂಡು ಬರುತ್ತವೆ. ವಂತು ತಪ್ಪಿಸಿದರೆ ನಾನು ಮನುಷ್ಯಳಲ್ಲ, ರಾಕ್ಷಸಿ. ಒಮ್ಮೆ ಒಂದು ಮಗುವಿಗೆ ಜ್ವರ ಬಂದು, ಅದರ ತಾಯಿ ಬಾಗಿಲಲ್ಲಿ ನಿಂತು ಕೇಳಿದಳು.

“ಒಂದಿನಕ್ಕೆ ಕೊಡಿ ಟೀಚರಮ್ಮ, ಕನವರಿಸ್ತಾ ಐತೆ. ನಾಳೆ ತಂದ್ಕೊಡ್ತೀನಿ.”

“ಅವನ ವಂತು ಸೋಮವಾರ” ಎಂದೆ.

“ಜ್ವರ ವಂತು ನೋಡ್ಕೊಂಡು ಬರುತ್ತೇನಮ್ಮಾ?” ಎಂದು ಬೈದುಕೊಂಡು ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೂ ಕೊಡಲಿಲ್ಲ. ಮನೆಗೆ ಹೋದ ಮೇಲೆ ಸಂಕಟವಾಯಿತು, ಎರಡು ತುತ್ತು ಕಡಿಮೆಯೇ ಉಂಡೆ. ನನ್ನ ಗಂಡ, “ನಿಂಗೆ ಮಕ್ಳಿಗಿಂತ ಲಿಸ್ಟ್ ಹೆಚ್ಚಾಯ್ತು ಕಣೇ” ಎಂದು ಹಂಗಿಸಿದರು. ಇರಬಹುದು. ಒಬ್ಬರನ್ನು ಬಿಟ್ಟು ಒಬ್ಬರನ್ನು ಆರಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ, ಕರಡಿಯ ವಿಷಯದಲ್ಲೂ.

ಒಂಬತ್ತನೇ ಪ್ರಶ್ನೆಗೆ ಬರುತ್ತೇನೆ. ಬರದೆ ಇರಬೇಕೆಂದೇ ಇಷ್ಟು ಹೊತ್ತು ಸುತ್ತುತ್ತಿದ್ದೆ.

“ಪಾಂಡಾಗೆ ಅವಳಿ ಮರಿಗಳು ಹುಟ್ಟಿದರೆ ಏನಾಗುತ್ತದೆ?” ಉತ್ತರ ಹೀಗಿತ್ತು. ಕಾಡಿನಲ್ಲಿ ತಾಯಿ ಸಾಮಾನ್ಯವಾಗಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎರಡಕ್ಕೂ ಸಾಲುವಷ್ಟು ಹಾಲು, ಶಕ್ತಿ ಅದಕ್ಕಿರುವುದಿಲ್ಲ. ಇನ್ನೊಂದು ಮರಿ ಉಳಿಯುವುದಿಲ್ಲ. ಸಾಕುವ ಕೇಂದ್ರಗಳಲ್ಲಾದರೆ ಒಂದು ಮರಿಯನ್ನು ಕಾವಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ತಾಯಿಗೆ ಜೇನುನೀರು ತೋರಿಸಿ, ಅದು ಕುಡಿಯುವ ಹೊತ್ತಿಗೆ ಮರಿಗಳನ್ನು ಅದಲುಬದಲು ಮಾಡುತ್ತಾರೆ. ಹೀಗೆ ಸರದಿಯ ಮೇಲೆ ಎರಡೂ ತಾಯಿಯ ಹಾಲು ಕುಡಿದು ಬದುಕುತ್ತವೆ.

ಇಷ್ಟೇ. ಒಂದನ್ನು ಎತ್ತಿಕೊಳ್ಳುತ್ತದೆ, ಸರಿ. ಯಾವುದನ್ನು? ಯಾಕೆ ಅದನ್ನೇ? ಅದು ಚೀಟಿಯಲ್ಲಿಲ್ಲ. ಹತ್ತನೇ ಪ್ರಶ್ನೆ ಪಾಂಡಾ ಮರ ಹತ್ತುತ್ತದೆಯೇ ಎಂಬುದು. ಹತ್ತಲಿ ಬಿಡಿ, ಯಾರು ಬೇಡ ಅಂದರು! ಒಲೆಯ ಮೇಲಿದ್ದ ಉಪ್ಪಿಟ್ಟು ತಳ ಹಿಡಿದು ಹೊಗೆ ಬರುವ ತನಕ ನಾನು ಆ ರಟ್ಟು ಹಿಡಿದುಕೊಂಡೇ ನಿಂತಿದ್ದೆ.

ಚಿಕ್ಕಮ್ಮನ ಮೇಲೆ ದೂರು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ತನ್ನ ಕೂಸು ಕಳೆದುಕೊಂಡಿದ್ದವಳು ನನ್ನನ್ನು ಸೆರಗಿನಲ್ಲಿ ಮುಚ್ಚಿ ಸಾಕಿದಳು, ಎಸ್ಸೆಸ್ಸೆಲ್ಸಿಯವರೆಗೆ ಓದಿಸಿದಳು, ಸುಗಟೂರಿನ ಈ ಮನೆಗೆ ಮದುವೆ ಮಾಡಿಕೊಟ್ಟಳು. ತೀರಿಕೊಂಡು ಹತ್ತು ವರ್ಷವಾಯಿತು. ಒಂದೇ ಒಂದು ಸಲ ಅವಳನ್ನು ಕೇಳಿದ್ದೆ. “ನನ್ನನ್ನೇ ಯಾಕೆ ಕೊಟ್ರು ಚಿಕ್ಕಮ್ಮ?” ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸದೆ, “ಕೊಟ್ಟಿದ್ದಲ್ವೇ, ಕೊಂಡಿದ್ದು. ಯಾಕೆ ಅಂತ ಮಾರಿದೋಳ್ನ ಕೇಳು” ಎಂದಳು.

ಮಾರಿದವಳು ವರ್ಷಕ್ಕೊಮ್ಮೆ ಬರುತ್ತಿದ್ದಳು, ಮಾವಿನ ಕಾಲಕ್ಕೆ. ಶ್ರೀನಿವಾಸಪುರದ ಕಡೆ ತೋಟವಿದ್ದ ನೆಂಟರ ಮನೆಯಿಂದ ಒಂದು ಬುಟ್ಟಿ ಹಣ್ಣು ಹೊತ್ತುಕೊಂಡು, ಇನ್ನೊಂದು ಕೈಯಲ್ಲಿ ಲಕ್ಷ್ಮಿಯನ್ನು ಹಿಡಿದುಕೊಂಡು ಬಸ್ಸಿಳಿಯುವಳು. ಅಮ್ಮ ಬರುವ ಸುದ್ದಿ ಸಿಕ್ಕ ಕೂಡಲೇ ನಾನು ನನ್ನ ಎರಡು ಲಂಗ, ಒಂದು ಸ್ಲೇಟು, ತಲೆಗೆ ಕಟ್ಟುವ ಟೇಪು, ಎಲ್ಲವನ್ನೂ ಕೈಚೀಲಕ್ಕೆ ತುಂಬಿ ಜಗಲಿಯ ಮೇಲೆ ಕೂರುತ್ತಿದ್ದೆ. ಈ ಸಲ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾಳೆ, ತಡವಾಗಬಾರದು ಅಂತ. ಎಂಥ ತಯಾರಿ ನೋಡಿ ನನ್ನದು! ಅಮ್ಮ ಬಂದವಳು ನನ್ನ ತಲೆ ಸವರಿ, “ಪಂಡು ತಿನು, ಪಂಡು ತಿನು” ಎನ್ನುವಳು. ಪಂಡು ಎಂದರೆ ತೆಲುಗಿನಲ್ಲಿ ಹಣ್ಣು. ಸಂಜೆ ಬಸ್ಸಿಗೆ ಲಕ್ಷ್ಮಿಯನ್ನು ಕರೆದುಕೊಂಡು ಹೊರಟುಬಿಡುವಳು. ನನ್ನ ಚೀಲದಲ್ಲಿ ಲಂಗದ ಮೇಲೆ ನಾಲ್ಕು ಹಣ್ಣು ಇಟ್ಟಿರುವಳು. ಆರು ವರ್ಷ ಚೀಲ ಕಟ್ಟಿದೆ. ಏಳನೇ ವರ್ಷ ಕಟ್ಟಲಿಲ್ಲ. ಆಗಲೇ ಇನ್ನೊಂದು ತೀರ್ಮಾನವನ್ನೂ ಮಾಡಿದೆ, ಅಮ್ಮನ ಹತ್ತಿರ ಇನ್ನು ಮೇಲೆ ತೆಲುಗು ಆಡುವುದಿಲ್ಲ ಅಂತ. ನನಗೆ ತೆಲುಗು ಬರುವುದಿಲ್ಲವೆಂದಲ್ಲ. ಕೋಲಾರದ ಸೀಮೆಯಲ್ಲಿ ಹುಟ್ಟಿ ತೆಲುಗು ಬಾರದಿರಲು ಕಿವುಡಾಗಿರಬೇಕು. ಬರೀ ಹಟ. ಆಕೆ ತೆಲುಗಿನಲ್ಲಿ ಕೇಳುವಳು, ನಾನು ಕನ್ನಡದಲ್ಲಿ ಹೇಳುವೆ. ಆಮೇಲಾಮೇಲೆ ಪಾಪ, ನನಗೋಸ್ಕರ ಆಕೆಯೂ ಒಡಕು ಕನ್ನಡ ಕಲಿತಳು.

ಮುಂದಿನ ವರ್ಷ ನನಗೆ ಅರವತ್ತು, ನಿವೃತ್ತಿ. ಅಮ್ಮನಿಗೆ ಎಂಬತ್ತು ದಾಟಿದೆ. ಕೇಳಬೇಕಾದ್ದನ್ನು ಕೇಳದೆ ಒಬ್ಬರು ಹೋಗಿಬಿಟ್ಟರೆ? ಎರಡನೇ ಶನಿವಾರ ರಜೆಯಿತ್ತು. ಸೀಮೆಕರಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಬೀರುವಿನ ಬೀಗ ಕೆಟ್ಟಿದೆ, ಇಲಿ ಕಡಿಯುತ್ತದೆ ಎಂದು ಮನೆಯಲ್ಲಿ ಹೇಳಿದೆ. ನಿಜವೇನೆಂದರೆ ಆ ಗೊಂಬೆಯನ್ನು ಅಮ್ಮನ ಮಡಿಲಿಗೆ ಹಾಕಿ, ಒಂಬತ್ತನೇ ಪ್ರಶ್ನೆ ಓದಿ, ಆಕೆಯ ಮುಖ ನೋಡಬೇಕಿತ್ತು. ಅರವತ್ತರ ಹೆಂಗಸು ಇಂಥ ಯುದ್ಧಕ್ಕೆ ಹತ್ತಿ ತುಂಬಿದ ಕರಡಿಯನ್ನು ಕರೆದೊಯ್ಯುತ್ತಿದ್ದಾಳೆ ಎಂದು ನನಗೇ ನಗು ಬಂತು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲು ಬಸ್ಸು ಹತ್ತಿದರೆ ಕಂಡಕ್ಟರು ಆಧಾರ್ ಕಾರ್ಡು ನೋಡಿ, “ಅಜ್ಜೀ, ಹೆಂಗಸ್ರಿಗೆ ಫ್ರೀ. ಕರಡಿ ಗಂಡೋ ಹೆಣ್ಣೋ?” ಎಂದ. ಬಸ್ಸೆಲ್ಲ ನಕ್ಕಿತು. “ಹೆಣ್ಣೇ. ಯಾರೋ ಬಿಟ್ಟೋಗಿದ್ದು” ಎಂದೆ.

ಲಕ್ಷ್ಮಿ ಬಾಗಿಲಲ್ಲೇ ಹಿಡಿದುಕೊಂಡಳು. ಅವಳು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ.

“ಏನೇ ತೌಡೀ! ಗೊಂಬೆ ಎತ್ಕೊಂಡ್ ಬಂದಿದೀಯಾ? ಈ ವಯಸ್ಸಲ್ಲಿ ಆಟ ಬೇಕಾಯ್ತೇನೇ?”

ಅವಳನ್ನು ನೋಡುವುದೆಂದರೆ ಕನ್ನಡಿ ನೋಡಿದ ಹಾಗೆ. ಅದೇ ಮೂಗು, ಅದೇ ಮುಂದಿನ ಹಲ್ಲು, ಅದೇ ಗೊಗ್ಗರು ಧ್ವನಿ. ಅಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಧ್ವನಿಯಿಂದ ನಮ್ಮನ್ನು ಗುರುತಿಸುವುದಕ್ಕೂ ಆಗುವುದಿಲ್ಲ, ಎರಡೂ ಒಂದೇ. ಭಾಷೆಯಿಂದ ಗುರುತಿಸುತ್ತಾಳೆ. ಕನ್ನಡವಾದರೆ ನಾನು, ತೆಲುಗಾದರೆ ಲಕ್ಷ್ಮಿ.

ಅಮ್ಮ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಗೊಂಬೆಯನ್ನು ಮಡಿಲಿಗಿಟ್ಟೆ. ಕಿವಿ, ಮೂತಿ, ಹೊಟ್ಟೆ ಎಲ್ಲ ತಡವಿ ನೋಡಿದಳು.

“ಏಮಿದಿ?”

“ಪಾಂಡಾ, ಅಮ್ಮ.”

“ಪಂಡಾ? ಏಂ ಪಂಡೇ? ಮಾಮಿಡಿ ಪಂಡಾ?”

ಹಣ್ಣಾ, ಯಾವ ಹಣ್ಣೇ, ಮಾವಿನ ಹಣ್ಣಾ ಅಂತ. ಲಕ್ಷ್ಮಿ ಗೋಡೆಗೊರಗಿ ನಕ್ಕಿದ್ದೂ ನಕ್ಕಿದ್ದೇ, ಕಣ್ಣಲ್ಲಿ ನೀರು ಬರುವ ತನಕ. ನನಗೆ ನಗು ಬರಲಿಲ್ಲ. ಆಕೆಗೂ ನನಗೂ ನಡುವೆ ಇದ್ದದ್ದೇ ಹಣ್ಣು, ಇನ್ನೇನು ಹೊಳೆಯಬೇಕು? “ಹಣ್ಣಲ್ಲಮ್ಮ, ಕರಡಿ” ಎಂದೆ.

ಸಂಜೆಯ ಹಾಲು ಕರೆದು ಲಕ್ಷ್ಮಿ ಕ್ಯಾನು ಎತ್ತಿಕೊಂಡು ಡೇರಿಗೆ ಹೋದಳು. ನಾನು ಕನ್ನಡಕ ಹಾಕಿಕೊಂಡು ಒಂಬತ್ತನೇ ಪ್ರಶ್ನೆಯನ್ನೂ ಉತ್ತರವನ್ನೂ ಓದಿದೆ. ಅಮ್ಮ ಗೊಂಬೆಯ ಬೆನ್ನು ತಟ್ಟುತ್ತಾ ಕೇಳಿದಳು.

“ಪಾಪ. ಹಾಲಿಲ್ದಿದ್ರೆ ಏನ್ ಮಾಡುತ್ತೆ ಅದು ಮಾತ್ರ” ಎಂದಳು.

“ಯಾವ ಮರಿ ಎತ್ಕೋಬೇಕು, ಯಾವುದನ್ನ ಬಿಡ್ಬೇಕು ಅಂತ ಅದಕ್ಕೆ ಹೆಂಗ್ ಗೊತ್ತಾಗುತ್ತಮ್ಮಾ?”

ಬೆನ್ನು ತಟ್ಟುತ್ತಿದ್ದ ಕೈ ನಿಂತಿತು. ಕೊಟ್ಟಿಗೆಯಲ್ಲಿ ಕರು ಒಂದು ಸಲ ಕೂಗಿತು.

“ನೀನು ಕರಡಿ ವಿಷ್ಯ ಕೇಳ್ತಾ ಇಲ್ಲ” ಎಂದಳು.

“ಇಲ್ಲ” ಎಂದೆ. ಕನ್ನಡಕ ತೆಗೆದಿಟ್ಟೆ.

ಆಮೇಲೆ ಹೇಳಿದಳು. ಒಡಕು ಕನ್ನಡದಲ್ಲಿ, ನಿಧಾನವಾಗಿ, ಎಂದೋ ಸಿದ್ಧಮಾಡಿ ಇಟ್ಟುಕೊಂಡವರ ಹಾಗೆ ಹೇಳಿದಳು.

“ನಂಗೆ ಎರಡಕ್ಕೂ ಹಾಲು ಸಾಲ್ತಿರ್ಲಿಲ್ಲ. ನಿಮ್ ಚಿಕ್ಕಮ್ಮನ ಕೂಸು ಹೋಗಿತ್ತು, ಅವಳಿಗೆ ಹಾಲಿತ್ತು. ನಿಮ್ಮಜ್ಜಿ ಒಂದಿನ ನಿನ್ನ ಅವಳತ್ರ ಮಲಗ್ಸೋಳು, ಲಕ್ಷ್ಮೀನ ನನ್ನತ್ರ. ಮಾರ್ನೆ ದಿನ ಲಕ್ಷ್ಮಿ ಅಲ್ಲಿ, ನೀನು ಇಲ್ಲಿ. ವಂತು. ನಿಮಗೆ ಹೆಸ್ರೂ ಇಟ್ಟಿರ್ಲಿಲ್ಲ. ಮುಂಚಿನವೆರಡೂ ಹೆಸ್ರಿಟ್ ಮೇಲೇ ಹೋದ್ವು ಅಂತ ಭಯ. ಮೂರ್ ತಿಂಗ್ಳು ಹಂಗೇ ನಡೀತು. ಆಮೇಲೆ ಅವಳ ಗಂಡನಿಗೆ ಹೆಂಚಿನ ಕಾರ್ಖಾನೆ ಕೆಲ್ಸ ಬಂತು. ಅವಳು ಹೋದ್ರೆ ಹಾಲಿಲ್ದೆ ಎರಡೂ ಹೋಗ್ತವೆ, ಒಂದನ್ನ ಅವಳ ಜೊತೆ ಕಳ್ಸು ಅಂದ್ಳು ನಿಮ್ಮಜ್ಜಿ. ಯಾವುದು ಅಂತ ಯಾರೂ ಕೇಳ್ಲಿಲ್ಲ. ಬಸ್ಸಿನ ದಿನ ಅವಳ ಮಡಿಲಲ್ಲಿ ಯಾರಿತ್ತೋ ಅದನ್ನೇ ತಿಪ್ಪೆ ಮೇಲೆ ಮಲಗ್ಸಿ, ತೌಡಿಗೆ ಕೊಟ್ಟು, ಹೆಸ್ರಿಟ್ಟು ಕಳ್ಸಿದ್ದು.”

ಇಷ್ಟು ಹೇಳಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡು, ಕನ್ನಡ ಬಿಟ್ಟು ತನ್ನ ಭಾಷೆಯಲ್ಲಿ ಅಂದಳು.

“ಆ ಪೊದ್ದು ನೀ ವಂತು.”

ಆ ದಿನ ನಿನ್ನ ಸರದಿ. ಅಷ್ಟೇ.

“ಮೂರನೇ ವರ್ಷ ಯಾಕೆ ಬಂದು ಕೂಗ್ಲಿಲ್ಲ?”

“ಬಂದಿದ್ದೆ. ಅವಳು ನಿನ್ನ ಸೆರಗಲ್ಲಿ ಮುಚ್ಕೊಂಡು ಅಳ್ತಾ ಕೂತಿದ್ಳು. ಅವಳಿಗ್ಯಾರಿದ್ರು? ಬಾಯಿ ಬರ್ಲಿಲ್ಲ.”

ನನಗೆ ಏನಾಯಿತೆಂದು ಹೇಗೆ ಹೇಳಲಿ! ಮೊದಲು ಮೈಯೆಲ್ಲ ಹಗುರಾಯಿತು. ನನ್ನಲ್ಲಿ ಏನೋ ಊನ ಕಂಡು ಎತ್ತಿ ಹಾಕಿದರು ಎಂದೇ ಇಷ್ಟು ವರ್ಷ ಬದುಕಿದವಳು ನಾನು. ಕಪ್ಪಗಿದ್ದೆನೋ, ಸೊರಗಿದ್ದೆನೋ, ಜಾಸ್ತಿ ಅಳುತ್ತಿದ್ದೆನೋ ಎಂದು ನೂರು ಸಲ ನನ್ನನ್ನೇ ತೂಗಿ ನೋಡಿಕೊಂಡಿದ್ದೆ. ಏನೂ ಇಲ್ಲ. ಒಂದು ದಿನ ಹಿಂದೆಮುಂದೆ ಆಗಿದ್ದರೆ ನಾನು ಲಕ್ಷ್ಮಿ, ಅವಳು ತೌಡಮ್ಮ. ಸಿಟ್ಟು ಬರಲಿಲ್ಲವೆಂದಲ್ಲ, ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಹಾಗೇ ಉಳಿಯಿತು. ವಂತಿನ ಮೇಲೆ ಸಿಟ್ಟು ಮಾಡುವುದು ಹೇಗೆ? ಗೋಡೆಗೆ ವಂತಿನ ಪಟ್ಟಿ ಅಂಟಿಸಿ, ಜ್ವರದ ಮಗುವಿಗೂ ಗೊಂಬೆ ಕೊಡದವಳು ನಾನೇ ಅಲ್ಲವೇ? ಅಮ್ಮನ ಕೈಯನ್ನು ಒಂದು ಸಲ ಒತ್ತಿದೆ. ಬುದ್ಧಿ ಬಂದ ಮೇಲೆ ನಾನಾಗಿ ಆಕೆಯ ಕೈ ಹಿಡಿದದ್ದು ಅದೇ ಮೊದಲು.

“ಬರ್ತೀನಮ್ಮ, ಕೊನೇ ಬಸ್ ತಪ್ಪೋಗುತ್ತೆ” ಎಂದು ಕರಡಿಯನ್ನು ಎತ್ತಿಕೊಂಡೆ. ಲಕ್ಷ್ಮಿ ಇನ್ನೂ ಡೇರಿಯಿಂದ ಬಂದಿರಲಿಲ್ಲ. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ಅಮ್ಮ ಕೂಗಿದಳು.

“ಲಕ್ಷ್ಮೀ! ನೀಳ್ಳು!”

ನೀರು ಬೇಕಂತೆ. ಲಕ್ಷ್ಮಿ ಇಲ್ಲ ಎಂದು ಕನ್ನಡದಲ್ಲಿ ಹೇಳಬಹುದಿತ್ತು. ಅದು ಯಾಕೆ ಹಾಗೆ ಮಾಡಿದೆನೋ ನಾನರಿಯೆ. ಇಬ್ಬರಲ್ಲಿ ಯಾರಾದರೂ ಆಗಬಹುದಿತ್ತು ಅಂದ ಮೇಲೆ, ಒಂದು ಲೋಟ ನೀರಿನ ಮಟ್ಟಿಗೆ ಆ ಹೆಸರು ನನ್ನದೂ ಆಗಲಿ ಅನ್ನಿಸಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಐವತ್ತು ವರ್ಷದ ಮೇಲೆ ಅಮ್ಮನ ಹತ್ತಿರ ತೆಲುಗು ಆಡಿದೆ.

“ಇದಿಗೋ, ವಸ್ತಾ.” ಇಗೋ ಬಂದೆ, ಅಂತ.

ಅಮ್ಮ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ದನಿ ತಗ್ಗಿಸಿದಳು.

“ಪೋಯಿಂದಾ ಅದಿ?”

ಹೋದಳಾ ಅವಳು, ಅಂತ.

“ಪೋಯಿಂದಿ” ಎಂದೆ.

“ಅಡಿಗೇಸಿಂದೇ ಈ ಪೊದ್ದು. ವಂತು ಅನಿ ಚೆಪ್ತಿ.” ಕೇಳಿಯೇಬಿಟ್ಟಳು ಕಣೇ ಇವತ್ತು, ಸರದಿ ಅಂತ ಹೇಳಿದೆ. ಲೋಟ ವಾಪಸು ಕೊಡುತ್ತಾ ಕತ್ತಲ ಕಣ್ಣನ್ನು ನನ್ನ ಕಡೆ ಎತ್ತಿದಳು. “ಆ ಪೊದ್ದು ನೀ ವಂತು ಕದೇ. ದಾನಿಕಿ ಚೆಪ್ಪೊದ್ದು.”

ಆ ದಿನ ನಿನ್ನ ಸರದಿ ಅಲ್ಲವೇನೇ. ಅವಳಿಗೆ ಹೇಳಬೇಡ.

ಆಮೇಲೂ ಒಂದು ಮಾತು ಹೇಳಿದಳು. ತಾನೇ ಅದಲುಬದಲು ಮಾಡಿದ್ದು ಅಂತ ಗೊತ್ತಾದರೆ ಅವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ, ಎಂದಳು.

ಕದೇ ಎಂದಳು. ಗೊತ್ತಿರುವವರ ಹತ್ತಿರ ಮಾತ್ರ ಹಾಗೆ ಅನ್ನುತ್ತಾರೆ. ಅಂದರೆ ಲಕ್ಷ್ಮಿಗೆ ಗೊತ್ತಿದೆ. ಬಸ್ಸಿನ ದಿನ ಚಿಕ್ಕಮ್ಮನ ಮಡಿಲಲ್ಲಿದ್ದವಳು ಲಕ್ಷ್ಮಿ. ಅಮ್ಮ ಅವಳನ್ನು ಎತ್ತಿಕೊಂಡು ನನ್ನನ್ನು ಅಲ್ಲಿ ಮಲಗಿಸಿದ್ದಾಳೆ. ನನ್ನ ಬಾಯಿಯ ತನಕ ಬಂತು, ಯಾಕೆ, ಯಾಕಮ್ಮಾ ಅಂತ. ನುಂಗಿಕೊಂಡೆ. ಲಕ್ಷ್ಮಿ ಅದನ್ನು ಕೇಳುವವಳಲ್ಲ. ಕೇಳಿದರೆ ನಾನು ಯಾರೆಂದು ಗೊತ್ತಾಗಿಬಿಡುತ್ತದೆ. “ಚೆಪ್ಪನು” ಎಂದೆ, ಹೇಳುವುದಿಲ್ಲ ಅಂತ. ಲೋಟ ತೊಳೆದು ಬೋರಲು ಹಾಕಿ ಹೊರಗೆ ಬಂದೆ.

ಬೀದಿಯ ತಿರುವಿನಲ್ಲಿ ಲಕ್ಷ್ಮಿ ಖಾಲಿ ಕ್ಯಾನು ಹಿಡಿದು ಎದುರಿಗೆ ಬಂದಳು. “ಇನ್ನೂ ಹೋಗಿಲ್ವೇನೇ? ಏನಂದ್ಲು ಅಮ್ಮ?” ಎಂದು ಕೇಳಿದಳು.

“ಆ ದಿನ ನನ್ನ ವಂತಂತೆ” ಎಂದೆ, ಅವಳ ಮುಖವನ್ನೇ ನೋಡುತ್ತಾ.

“ಹೂಂ ಕಣೇ. ನಂಗೂ ಹಂಗೇ ಹೇಳಿದ್ಲು” ಎಂದು ಲಕ್ಷ್ಮಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.